ಒಂದೇ ತೋಟದಲ್ಲಿ ಮೂರು ಬಗೆಯ ಎಲೆ ಮುದುಡು: 24 ಟೊಮೆಟೊ ಗಿಡಗಳ ಪ್ರಕರಣ

ಹಿನ್ನೆಲೆ

ಮನೆಯ ಹಿತ್ತಲಲ್ಲಿ ಮೂರು ಏರುಮಡಿ, ಮಡಿಗೆ ಎಂಟರಂತೆ 24 ಟೊಮೆಟೊ ಗಿಡ. ತಳಿ ಒಂದೇ, ಕೋಲು ಕೊಟ್ಟು ಕಟ್ಟಿದರೆ ಆಳೆತ್ತರ ದಾಟಿ ಬೆಳೆಯುತ್ತಲೇ ಹೋಗುವಂಥದ್ದು. ಸಸಿಗಳೂ ಒಂದೇ ಟ್ರೇಯವು. 28 ದಿನದ ಸಸಿಗಳನ್ನು ಒಂದೇ ಸಂಜೆ, ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಬಿಟ್ಟು ನಾಟಿ ಮಾಡಲಾಗಿತ್ತು. ಬೆಳೆಗಾರರಿಗೆ ಟೊಮೆಟೊ ಹೊಸದಲ್ಲ. ಹಿಂದೆ ನಾಲ್ಕೈದು ಸಲ ಬೆಳೆದು ಹಣ್ಣು ಕಂಡವರು. ಅವರ ಗುರುತು ಸಿಗುವ ವಿವರಗಳನ್ನೆಲ್ಲ ಇಲ್ಲಿ ಬಿಟ್ಟಿದೆ.

ಮಡಿಗಳು ಮಾತ್ರ ಒಂದೇ ತೆರನಾಗಿರಲಿಲ್ಲ. ಮೊದಲನೆಯದು ಗೋಡೆಯ ಪಕ್ಕ; ಮಧ್ಯಾಹ್ನದ ಮೇಲೆ ನೇರ ಬಿಸಿಲು, ಜೊತೆಗೆ ಕಾದ ಗೋಡೆಯ ಝಳ. ಎರಡನೆಯದರ ಬದಿಗೆ ಬೇಲಿ, ಬೇಲಿಯುದ್ದಕ್ಕೂ ಅಗಲ ಎಲೆಯ ಕಳೆ. ಮೂರನೆಯದು ಹೊಸ ಮಡಿ. ಅದನ್ನು ತುಂಬಲು ಹೊರಗಿನಿಂದ ಕೊಟ್ಟಿಗೆ ಗೊಬ್ಬರ ತರಿಸಿ, ಮಡಿಯ ಮೂರನೇ ಒಂದು ಪಾಲಿನಷ್ಟು ಬೆರೆಸಿದ್ದರು. ಅದರ ತುದಿಯಲ್ಲಿ ಒಂದು ಸಾಲು ಮೆಕ್ಕೆಜೋಳ. ಉತ್ತರ ಈ ವ್ಯತ್ಯಾಸಗಳಲ್ಲೇ ಇತ್ತು. ಆದರೆ ಎಲೆ ಮುದುಡಿದ ದಿನ ಮೂರು ಮಡಿಯೂ ಸೇರಿ ಒಂದೇ ತೋಟ, ಒಂದೇ ರೋಗ ಎಂಬಂತೆ ಕಂಡಿತು.

ಸಮಸ್ಯೆ

ನಾಟಿಯಾದ 36ನೇ ದಿನ ದೊಡ್ಡ ಕೆಲಸ ನಡೆಯಿತು. ಎಲೆ ಮತ್ತು ಕಾಂಡದ ಸಂದಿನಲ್ಲಿ ಬರುವ ಕಂಕುಳ ಚಿಗುರನ್ನೆಲ್ಲ ಚಿವುಟಿ, ಕೆಳಗಿನ ಎಲೆಗಳನ್ನೂ ಕತ್ತರಿಸಿ, ಪ್ರತಿ ಗಿಡವನ್ನೂ ಒಂಟಿ ಕಾಂಡಕ್ಕೆ ಇಳಿಸಿದರು. ಗಿಡದ ಹಸಿರಿನಲ್ಲಿ ಮೂರನೇ ಒಂದು ಪಾಲು ಒಂದೇ ದಿನದಲ್ಲಿ ಹೋಯಿತು. ಅದೇ ಸಂಜೆ ಬುಡಕ್ಕೆ ಯೂರಿಯಾ ಬಿತ್ತು. ಆ ವಾರ ಮಧ್ಯಾಹ್ನದ ಉಷ್ಣಾಂಶ 36 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು.

38ನೇ ದಿನ ಬೆಳಿಗ್ಗೆ ಮೊದಲ ಮಡಿಯ ಎಂಟೂ ಗಿಡಗಳ ಎಲೆ ಮೇಲಕ್ಕೆ ಸುತ್ತಿಕೊಂಡಿತ್ತು. ಗಾಬರಿಯಿಂದ ಉಳಿದ ಮಡಿಗಳನ್ನೂ ನೋಡಿದಾಗ ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಎಂಟೂ ಗಿಡ ಮುದುಡಿದ್ದವು. ಒಟ್ಟು 18. ಎಲೆ ಮುದುಡು ನಂಜುರೋಗವೇ (ವೈರಸ್ ರೋಗವೇ) ಬಂತು ಎಂದು ನಿಂತ ನಿಲುವಿನಲ್ಲೇ ತೀರ್ಮಾನವಾಯಿತು.

ಹಾಗೆ ತೀರ್ಮಾನಿಸುವುದು ಸಹಜ. ಟೊಮೆಟೊದಲ್ಲಿ ‘ಎಲೆ ಮುದುಡು’ ಎಂಬುದು ಒಂದು ರೋಗದ ಹೆಸರೂ ಹೌದು, ಹಲವು ಕಾರಣಗಳಿಗೆ ಗಿಡ ತೋರುವ ಲಕ್ಷಣವೂ ಹೌದು. ಹೆಸರು ಒಂದೇ ಆದದ್ದರಿಂದ ಮದ್ದೂ ಒಂದೇ ಎನಿಸಿಬಿಡುತ್ತದೆ. ಈ ತೋಟದಲ್ಲಿ ಹತ್ತು ದಿನ ಕೈಬಿಟ್ಟು ಹೋದದ್ದು ಆ ಒಂದು ಎಣಿಕೆಯಿಂದ.

ಮೊದಲ ಹತ್ತು ದಿನ

ಅದೇ ದಿನ ಬೆಳಿಗ್ಗೆ 11 ಗಂಟೆಗೆ ಬೇವಿನೆಣ್ಣೆ ಸಿಂಪಡಿಸಿದರು. ಲೀಟರ್ ನೀರಿಗೆ 5 ಮಿ.ಲೀ. ಸಾಕಿದ್ದಲ್ಲಿ 10 ಮಿ.ಲೀ. ಹಾಕಿದರು. ಎಣ್ಣೆ ನೀರಿನಲ್ಲಿ ಕೂಡಿಕೊಳ್ಳಲೆಂದು ಪಾತ್ರೆ ತೊಳೆಯುವ ದ್ರಾವಣ 5 ಮಿ.ಲೀ. ಸಿಂಪಡಿಸಿದ್ದು ಎಲೆಯ ಮೇಲ್ಮೈಗೆ. ಎರಡು ದಿನದಲ್ಲಿ ಮೊದಲ ಮಡಿಯ ಎಲೆಗಳ ಅಂಚು ಕಂದಿ, ಕಾಗದದಂತೆ ಒಣಗಿತು. ಪಾತ್ರೆ ತೊಳೆಯುವ ದ್ರಾವಣ ಇರುವುದೇ ಜಿಡ್ಡು ತೆಗೆಯಲು. ಎಲೆಯ ನೀರನ್ನು ಕಾಯುವ ಮೇಣದ ಪದರವನ್ನೂ ಅದು ಬಿಡುವುದಿಲ್ಲ. ಅದರ ಮೇಲೆ ಎಣ್ಣೆಯ ಪೊರೆ, ಅದರ ಮೇಲೆ ನೆತ್ತಿಯ ಬಿಸಿಲು. ಬೇವಿನೆಣ್ಣೆ ಬಳಸುವುದಿದ್ದರೆ ಹೊತ್ತು ಇಳಿದ ಮೇಲೆ, ಗಿಡಕ್ಕೆಂದೇ ಮಾಡಿದ ಸೋಪು ದ್ರಾವಣ 1–2 ಮಿ.ಲೀ. ಬೆರೆಸಿ, ಎಲೆಯ ಅಡಿ ತೋಯುವಂತೆ ಹೊಡೆಯಬೇಕು. ಮೊದಲು ಒಂದೆರಡು ಎಲೆಗೆ ಹೊಡೆದು 24 ಗಂಟೆ ಕಾಯಬೇಕು. ಕೀಟ ಇರುವುದು ಎಲೆಯ ಅಡಿಯಲ್ಲಿ. ಮೇಲ್ಮೈಗೆ ಹೊಡೆದದ್ದು ಎಲೆಯನ್ನಷ್ಟೇ ತಾಗುತ್ತದೆ.

ಎಲೆ ಕಂದಿದ್ದನ್ನು ನೀರಿನ ಕೊರತೆ ಎಂದುಕೊಂಡು ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಕೊಡತೊಡಗಿದರು. ನಾಲ್ಕನೇ ದಿನಕ್ಕೆ ಹೊಸ ಲಕ್ಷಣ: ಎಲೆ ಬಾಡಿಲ್ಲ, ಮುಟ್ಟಿದರೆ ಬಿಗಿಯಾಗಿಯೇ ಇದೆ, ಆದರೆ ಎಲೆತೊಟ್ಟು ಕೆಳಕ್ಕೆ ಬಾಗಿ ಇಡೀ ಗಿಡ ಕೈ ಇಳಿಬಿಟ್ಟಂತೆ ನಿಂತಿದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗದು. ಆಗ ಬೇರಿನಲ್ಲಿ ತಯಾರಾಗುವ ಒಂದು ವಸ್ತು ಮೇಲೇರಿ ಎಲೆಯಲ್ಲಿ ಎಥಿಲೀನ್ ಆಗುತ್ತದೆ. ಎಥಿಲೀನಿನಿಂದ ತೊಟ್ಟಿನ ಮೇಲ್ಬದಿಯ ಕೋಶಗಳು ಹೆಚ್ಚು ಉದ್ದವಾಗಿ ತೊಟ್ಟು ಕೆಳಗೆ ಬಾಗುತ್ತದೆ. ಇದನ್ನು ಬಾಯಾರಿಕೆ ಎಂದು ತಿಳಿದು ಇನ್ನೂ ನೀರು ಹಾಕಿದವರ ಗಿಡದ ಬೇರು ಕೊಳೆಯುವುದು ಹೀಗೆಯೇ. ಆಮೇಲೆ ಕ್ಯಾಲ್ಸಿಯಂ ಸಿಂಪಡಣೆಯೂ ಆಯಿತು; ಅದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಪ್ರತಿ ಗಿಡ ಮುಟ್ಟಿದ ಮೇಲೆ ಕತ್ತರಿ ತೊಳೆಯುತ್ತಿದ್ದರು. ಟೊಮೆಟೊ ಮೊಸಾಯಿಕ್ ನಂಜಾಗಿದ್ದರೆ ಅದು ಬೇಕೇ ಬೇಕಾದ ಎಚ್ಚರ, ಏಕೆಂದರೆ ಅದು ಕೈಯಿಂದಲೂ ಕತ್ತರಿಯಿಂದಲೂ ಹರಡುತ್ತದೆ. ಎಲೆ ಮುದುಡು ನಂಜು ಹಾಗಲ್ಲ. ಅದನ್ನು ಹೊತ್ತು ತರುವುದು ಬಿಳಿನೊಣ.

48ನೇ ದಿನ: ಸಿಂಪಡಣೆ ನಿಲ್ಲಿಸಿ ನಕ್ಷೆ ಬರೆದದ್ದು

ಪ್ರಕರಣ ತಿರುಗಿದ್ದು ಇಲ್ಲಿ. ಗಿಡಗಳನ್ನೆಲ್ಲ ಕಿತ್ತು ಸುಡುವ ಯೋಚನೆಗೆ ಬಂದಿದ್ದವರಿಗೆ ಕೊಟ್ಟ ಸಲಹೆ ಒಂದೇ: ಒಂದು ದಿನ ಏನನ್ನೂ ಮಾಡಬೇಡಿ, ಕಾಗದದ ಮೇಲೆ 24 ಚೌಕ ಹಾಕಿ, ಪ್ರತಿ ಗಿಡದ ಮುಂದೆ ಕೂತು ಬರೆಯಿರಿ. ಮುದುಡಿದ್ದು ಹಳೆಯ ಎಲೆಯೋ ಸುಳಿಯ ಎಲೆಯೋ? ಮೇಲಕ್ಕೋ, ಕೆಳಕ್ಕೋ, ತಿರುಚಿಕೊಂಡೋ? ಬಣ್ಣ ಬದಲಾಗಿದೆಯೇ? ಎಲೆಯ ಗಾತ್ರ ಸರಿಯಿದೆಯೇ?

ಮೊದಲ ಪ್ರಶ್ನೆಯೇ ಮುಕ್ಕಾಲು ಕೆಲಸ ಮಾಡಿತು. ನೀರು, ಬಿಸಿಲು, ಸವರುವಿಕೆಯ ಪೆಟ್ಟು ಬೀಳುವುದು ಆಗಲೇ ಬಲಿತ ಎಲೆಗೆ. ನಂಜು, ಕಳೆನಾಶಕ, ಸಣ್ಣ ನುಸಿ ಇವುಗಳ ಪೆಟ್ಟು ಬೀಳುವುದು ಇನ್ನೂ ರೂಪುಗೊಳ್ಳುತ್ತಿರುವ ಎಲೆಗೆ, ಅಂದರೆ ಸುಳಿಗೆ. ನಕ್ಷೆ ತುಂಬಿದಾಗ ಮೊದಲ ಮಡಿಯ ಎಂಟು ಚೌಕದಲ್ಲೂ ‘ಕೆಳಗಿನ ಎಲೆ, ಮೇಲಕ್ಕೆ, ಹಸಿರು’ ಎಂದಿತ್ತು. ಎರಡನೆಯದರ ಎರಡು ಚೌಕದಲ್ಲಿ ‘ಸುಳಿ, ಮೇಲಕ್ಕೆ, ಅಂಚು ಹಳದಿ, ಎಲೆ ಚಿಕ್ಕದು’. ಮೂರನೆಯದರ ಎಂಟರಲ್ಲೂ ‘ಸುಳಿ, ತಿರುಚು, ಕಿರಿದು’. ಹತ್ತು ದಿನ ಒಂದೇ ರೋಗ ಎನಿಸಿದ್ದು ಒಂದು ಹಾಳೆಯ ಮೇಲೆ ಮೂರಾಗಿ ಒಡೆಯಿತು.

ಮೊದಲ ಮಡಿ: ರೋಗವಲ್ಲದ ಸುರುಳಿ

ಇಲ್ಲಿನ ಒಂದು ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದರೆ ಗೊತ್ತಾಗುತ್ತಿತ್ತು: ದಪ್ಪ, ತೊಗಲಿನಂತೆ ಬಿರುಸು, ಬಿಡಿಸಲು ಹೋದರೆ ಚರ್ರೆಂದು ಸೀಳುವಂಥದ್ದು. ಎರಡೂ ಅಂಚು ಮೇಲಕ್ಕೆ ಸುತ್ತಿ ನಡುನರದ ಮೇಲೆ ಕೂಡುವಷ್ಟಾಗಿ ಎಲೆ ಕೊಳವೆಯಾಗಿತ್ತು. ಆದರೂ ಕಡುಹಸಿರು. ಸುಳಿಯ ಎಲೆ ಚಪ್ಪಟೆ, ಹೂವು ಸರಿಯಾಗಿ ಕಾಯಿ ಕಟ್ಟುತ್ತಿತ್ತು.

ಎಲೆ ತಯಾರಿಸಿದ ಸಕ್ಕರೆ ಚಿಗುರಿಗೂ ಕಾಯಿಗೂ ಬೇರಿಗೂ ಹರಿಯಬೇಕು. ಚಿಗುರನ್ನೆಲ್ಲ ಒಂದೇ ದಿನ ಚಿವುಟಿದರೆ ಅದಕ್ಕೆ ಹೋಗಲು ಜಾಗವಿಲ್ಲ. ಎಲೆಯಲ್ಲೇ ಪಿಷ್ಟವಾಗಿ ಕೂಡಿ ಎಲೆ ಬಿರುಸಾಗುತ್ತದೆ. ಜೊತೆಗೆ ಬಿಸಿಲಿನಲ್ಲಿ ನೀರು ಉಳಿಸಲು ಗಿಡ ಎಲೆಯ ಮೈಯನ್ನೇ ಕಿರಿದು ಮಾಡಿಕೊಳ್ಳುತ್ತದೆ. ಸಾರಜನಕ ಹೆಚ್ಚಾದರೆ ಇದು ಇನ್ನೂ ಜೋರು. ಈ ಮಡಿಯಲ್ಲಿ ಮೂರೂ ಒಟ್ಟಿಗೆ ಬಿದ್ದಿದ್ದವು. ಅದೇ ಸವರುವಿಕೆ, ಅದೇ ಯೂರಿಯಾ ಎರಡನೇ ಮಡಿಗೂ ಸಿಕ್ಕಿತ್ತು. ಗೋಡೆಯ ಕಾವು ಇಲ್ಲದ ಕಾರಣ ಅಲ್ಲಿ ಎಲೆ ಸುತ್ತಲಿಲ್ಲ.

ಮಾಡಬೇಕಾದದ್ದು ಕಡಿಮೆ. ಕೈಬೆರಳಷ್ಟು ಆಳ ಅಲ್ಲ, 10–15 ಸೆಂ.ಮೀ. ಗುಂಡಿ ತೋಡಿ ಅಡಿಯ ಮಣ್ಣನ್ನು ಹಿಡಿಯಲ್ಲಿ ಹಿಂಡಿ ನೋಡಬೇಕು. ಉಂಡೆಯಾಗಿ ನಿಂತು, ಬೆರಳಲ್ಲಿ ತಟ್ಟಿದರೆ ಪುಡಿಯಾದರೆ ಹದವಾಗಿದೆ. ನೀರು ಜಿನುಗಿದರೆ ಹೆಚ್ಚಾಗಿದೆ. ಇಲ್ಲಿ ಜಿನುಗಿತು. ಮೂರು ದಿನ ನೀರು ನಿಲ್ಲಿಸಿ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಬೆಳಗಿನ ಹೊತ್ತು, ಬೇರಿನ ಆಳಕ್ಕೆ ಇಳಿಯುವಂತೆ ನಿಧಾನವಾಗಿ ಕೊಟ್ಟರು. ಬುಡದಿಂದ ನಾಲ್ಕು ಬೆರಳು ಬಿಟ್ಟು 5–7 ಸೆಂ.ಮೀ. ದಪ್ಪ ಒಣಹುಲ್ಲಿನ ಹೊದಿಕೆ ಹಾಕಿದರು. ಯೂರಿಯಾ ಬಂದ್. ಸವರುವುದಿದ್ದರೆ ವಾರಕ್ಕೆ ಗಿಡಕ್ಕೆ ಒಂದೆರಡು ಎಲೆ, ಅಷ್ಟೇ. ಮಧ್ಯಾಹ್ನಕ್ಕೆ ಗೋಡೆಯ ಬದಿಯಿಂದ ನೆರಳು ಬಲೆ.

ಒಂದು ವಾರದ ನಂತರವೂ ‘ಎಲೆ ಬಿಡಿಸಿಕೊಂಡಿಲ್ಲ’ ಎಂಬ ದೂರು ಬಂತು. ಬಿಡಿಸಿಕೊಳ್ಳುವುದಿಲ್ಲ. ಬಿರುಸಾಗಿ ಸುತ್ತಿಕೊಂಡ ಎಲೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ, ಹಾಗೆಯೇ ದುಡಿಯುತ್ತದೆ. ಅದನ್ನು ಕಿತ್ತರೆ ಗಿಡಕ್ಕೆ ಇನ್ನೊಂದು ಪೆಟ್ಟು. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ನೋಡಬೇಕಾದದ್ದು ಚಿಕಿತ್ಸೆಯ ನಂತರ ಹುಟ್ಟಿದ ಎಲೆಯನ್ನು. ಅದಕ್ಕೆಂದು ಪ್ರತಿ ಗಿಡದ ಆಗಿನ ಸುಳಿಯ ಕೆಳಗೆ ಬಣ್ಣದ ನೂಲು ಕಟ್ಟಿದರು. ನೂಲಿನ ಮೇಲೆ ಬಂದ ಎಲೆಗಳು ಎಂಟೂ ಗಿಡದಲ್ಲಿ ಅಗಲವಾಗಿ ಚಪ್ಪಟೆಯಾಗಿ ಬಂದವು. ಈ ಮಡಿ ಕೊನೆಯವರೆಗೂ ಹಣ್ಣು ಕೊಟ್ಟಿತು.

ಎರಡನೇ ಮಡಿ: ನಿಜವಾದ ನಂಜು, ಮತ್ತು ಉಳಿಸಿಕೊಂಡ ಒಂದು ಗಿಡ

ಇಲ್ಲಿ ನಸುಕಿನಲ್ಲಿ ಹೋಗಿ ಸುಳಿಯ ಎಲೆಗಳನ್ನು ಮೆಲ್ಲಗೆ ತಿರುವಿ ನೋಡಲಾಯಿತು. ತಂಪು ಹೊತ್ತಿನಲ್ಲಿ ಬಿಳಿನೊಣ ಜಡವಾಗಿ ಎಲೆಗೆ ಅಂಟಿಕೊಂಡಿರುತ್ತದೆ. ಬಿಸಿಲೇರಿದ ಮೇಲೆ ಮುಟ್ಟಿದರೆ ಹಾರಿಬಿಡುತ್ತದೆ, ನೋಡಿದವರು ‘ಇಲ್ಲ’ ಎಂದು ಬರೆದುಕೊಳ್ಳುತ್ತಾರೆ. ಸುಮಾರು 1 ಮಿ.ಮೀ. ಉದ್ದದ, ಹಿಟ್ಟು ಮೆತ್ತಿದಂಥ ನೊಣಗಳು ಕಂಡವು. ರೋಗದ ಎರಡು ಗಿಡಗಳ ತುದಿಯ ಎಲೆಗಳು ಹೆಬ್ಬೆರಳ ಉಗುರಿನಷ್ಟೇ ದೊಡ್ಡವು, ಚಮಚದಂತೆ ಮೇಲಕ್ಕೆ ಗುಳಿ ಬಿದ್ದವು, ನರ ಹಸಿರು ಆದರೆ ಅಂಚು ಹಳದಿ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಕುಗ್ಗಿ ತುದಿ ಪೊದೆಯಾಗಿತ್ತು. ಹೂವು ಬಂದಷ್ಟೂ ಉದುರುತ್ತಿತ್ತು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಎಲೆಯ ಅಡಿ ನೋಡಿ ನುಸಿ ಇಲ್ಲವೆಂದೂ ಖಚಿತಪಡಿಸಿಕೊಂಡರು. ಬರಿಗಣ್ಣಿಗೆ ಕಾಣದ ಆ ನುಸಿ ಸುಮಾರು 0.2 ಮಿ.ಮೀ., ಅದು ಹತ್ತಿದರೆ ಎಲೆಯ ಅಡಿ ಕಂಚಿನ ಬಣ್ಣಕ್ಕೆ ಹೊಳೆಯುತ್ತದೆ, ಎಲೆ ಕೆಳಕ್ಕೆ ಮಡಚುತ್ತದೆ.

ಈ ನಂಜಿಗೆ ಔಷಧಿ ಇಲ್ಲ. ರೋಗದ ಗಿಡವನ್ನು 15–30 ನಿಮಿಷ ಹೀರಿದರೆ ಬಿಳಿನೊಣಕ್ಕೆ ನಂಜು ಅಂಟುತ್ತದೆ, ಒಂದು ದಿನದೊಳಗೆ ಅದನ್ನು ಬೇರೆ ಗಿಡಕ್ಕೆ ದಾಟಿಸಬಲ್ಲದು, ಆಮೇಲೆ ವಾರಗಟ್ಟಲೆ ದಾಟಿಸುತ್ತಲೇ ಇರುತ್ತದೆ. ನಂಜು ಸೇರಿದ ಗಿಡ ಲಕ್ಷಣ ತೋರಲು ಎರಡು ಮೂರು ವಾರ ಹಿಡಿಯಬಹುದು. ಹಾಗಾಗಿ ಸಲಹೆ: ಎರಡೂ ಗಿಡವನ್ನು 49ನೇ ದಿನದ ನಸುಕಿನಲ್ಲೇ, ಮೇಲಿನಿಂದ ಪ್ಲಾಸ್ಟಿಕ್ ಚೀಲ ಇಳಿಸಿ, ಬಾಯಿ ಬಿಗಿದು, ಚೀಲದ ಸಮೇತ ಕೀಳುವುದು. ಚೀಲವಿಲ್ಲದೆ ಅಲುಗಾಡಿಸಿ ಕಿತ್ತರೆ ಅದರಲ್ಲಿರುವ ನೊಣವೆಲ್ಲ ಪಕ್ಕದ ಗಿಡಕ್ಕೆ ಹಾರುತ್ತದೆ.

ಒಂದನ್ನು ಹಾಗೆಯೇ ಕಿತ್ತರು. ಇನ್ನೊಂದರಲ್ಲಿ 11 ಕಾಯಿ ಇತ್ತು, ಕೀಳಲು ಮನಸ್ಸಾಗಲಿಲ್ಲ. ಎಣ್ಣೆ ಸಿಂಪಡಿಸಿ, ಪಕ್ಕದಲ್ಲಿ ಹಳದಿ ಅಂಟುಬಲೆ ಕಟ್ಟಿ ಉಳಿಸಿಕೊಂಡರು. ಅಂಟುಬಲೆ ನೊಣ ಇದೆಯೆಂದು ತಿಳಿಸುತ್ತದೆ, ಗಿಡದ ತುದಿಯ ಮಟ್ಟಕ್ಕೆ ಕಟ್ಟಿದರೆ ಒಂದಷ್ಟನ್ನು ಹಿಡಿಯುತ್ತದೆ. ಅದರಿಂದ ಗಿಡ ಸುರಕ್ಷಿತವಾಗುವುದಿಲ್ಲ.

55ನೇ ದಿನ ಪಕ್ಕದ ಒಂದು ಗಿಡ ಲಕ್ಷಣ ತೋರಿತು. ‘ಹೇಗೂ ಹರಡಿಬಿಟ್ಟಿದೆ, ಈಗ ಕಿತ್ತು ಏನು ಪ್ರಯೋಜನ’ ಎಂಬುದು ಬೆಳೆಗಾರರ ತರ್ಕ. ಹೊಸದಾಗಿ ಬಿದ್ದದ್ದನ್ನು ಕಿತ್ತು, ಕಾಯಿಯ ಗಿಡವನ್ನು ಮತ್ತೆ ಉಳಿಸಿಕೊಂಡರು. ಇಲ್ಲಿ ದಿನ ಎಣಿಸಬೇಕು. 55ರಂದು ಲಕ್ಷಣ ಕಂಡ ಗಿಡಕ್ಕೆ ನಂಜು ಸೇರಿದ್ದು ಎರಡು ಮೂರು ವಾರ ಹಿಂದೆ, ಅಂದರೆ ಆ ಹತ್ತು ದಿನದ ಗೊಂದಲದ ಹೊತ್ತಿಗೆ ಅಥವಾ ಅದಕ್ಕೂ ಮೊದಲು. 49ರಂದು ಎರಡನ್ನೂ ಕಿತ್ತಿದ್ದರೂ ಅದು ಉಳಿಯುತ್ತಿರಲಿಲ್ಲ. ಆದರೆ 73ನೇ ದಿನ ಇನ್ನೆರಡು ಗಿಡ ಮುದುಡಿದವು. ಅವಕ್ಕೆ ನಂಜು ಸೇರಿದ ಕಾಲ ಸುಮಾರು 52ರಿಂದ 59ರ ನಡುವೆ. ಆಗ ತೋಟದಲ್ಲಿ ಉಳಿದಿದ್ದ ದೊಡ್ಡ ರೋಗದ ಗಿಡ ಆ ಒಂದೇ. 11 ಕಾಯಲ್ಲಿ ಹಣ್ಣಾದದ್ದು ನಾಲ್ಕು, ಅವೂ ಸಣ್ಣವು. ನಾಲ್ಕು ಸಣ್ಣ ಹಣ್ಣಿಗಾಗಿ ಎರಡು ಆರೋಗ್ಯದ ಗಿಡ ಹೋಯಿತು. ಈ ಮಡಿಯಲ್ಲಿ ಕೊನೆಗೆ ಉಳಿದದ್ದು ಮೂರು.

ಬೇಲಿಯ ಕಳೆಯ ವಿಷಯದಲ್ಲೂ ಒಂದು ತಪ್ಪಾಯಿತು. 50ನೇ ದಿನ ನಡುಹಗಲಲ್ಲಿ ಕಳೆಯನ್ನು ಕಿತ್ತರು. ಅದರಲ್ಲಿದ್ದ ಬಿಳಿನೊಣ ನೆಲೆ ತಪ್ಪಿ ಟೊಮೆಟೊಗೆ ಬಂತು. ಮೊದಲ ಸಂಜೆ ಕಳೆಗೇ ಸಿಂಪಡಿಸಿ, ಮರುದಿನ ನಸುಕಿನಲ್ಲಿ ಕೀಳಬೇಕಿತ್ತು. ಇನ್ನೂ ಒಳ್ಳೆಯದೆಂದರೆ ನಾಟಿಗೆ ಮೊದಲೇ ಬೇಲಿ ಶುಚಿ ಮಾಡುವುದು.

ಮೂರನೇ ಮಡಿ: ಗೊಬ್ಬರದ ಜೊತೆ ಬಂದದ್ದು

ಈ ಮಡಿಯ ಎಲೆಗಳು ನೋಡಲು ಬೇರೆಯೇ ತೆರ. ಹೊಸ ಎಲೆ ಜರಿಗಿಡದಂತೆ ಕಿರಿದಾಗಿ, ನರಗಳೆಲ್ಲ ಒತ್ತೊತ್ತಾಗಿ ಒಂದೇ ದಿಕ್ಕಿಗೆ ಸಾಗಿ, ತುದಿ ಮುಷ್ಟಿಯಂತೆ ಒಳಕ್ಕೆ ಮಡಚಿತ್ತು. ಎಳೆಯ ಕಾಂಡವೂ ತಿರುಚಿತ್ತು. ಬಿಳಿನೊಣ ಎರಡನೇ ಮಡಿಗಿಂತ ಕಡಿಮೆ. ಎಂಟಕ್ಕೆ ಎಂಟೂ ಗಿಡ, ಒಂದೇ ಮಟ್ಟಕ್ಕೆ. ನಂಜು ಹೀಗೆ ಮಡಿಯ ಗೆರೆ ನೋಡಿಕೊಂಡು ಬರುವುದಿಲ್ಲ. ಅಲ್ಲೊಂದು ಇಲ್ಲೊಂದು ಗಿಡವಾಗಿ ಬರುತ್ತದೆ. ಪಕ್ಕದ ಜಮೀನಿನಿಂದ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದಿದ್ದರೆ ಒಂದು ಬದಿಗೆ ಜೋರಾಗಿ, ದೂರ ಹೋದಂತೆ ಕಡಿಮೆಯಾಗಿ ಕಾಣಬೇಕಿತ್ತು.

ನಿರ್ಣಾಯಕ ಸುಳಿವು ಎರಡು. ಒಂದು, ಅದೇ ಮಡಿಯ ತುದಿಯ ಮೆಕ್ಕೆಜೋಳ ಏನೂ ಆಗದಂತೆ ನಿಂತಿತ್ತು. ಇನ್ನೊಂದು, ಬೆಳೆಗಾರರ ಫೋನಿನಲ್ಲಿದ್ದ 20ನೇ ದಿನದ ಚಿತ್ರ: ಅದರಲ್ಲಿ ಈ ಮಡಿಯ ಸುಳಿಗಳು ಆಗಲೇ ಕಿರಿದಾಗಿದ್ದವು. 36ನೇ ದಿನದ ಸವರುವಿಕೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅಮಿನೊಪೈರಾಲಿಡ್, ಕ್ಲೋಪೈರಾಲಿಡ್ ಎಂಬ ಗುಂಪಿನ ಕಳೆನಾಶಕಗಳು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತವೆ, ಹುಲ್ಲಿನ ಜಾತಿಯನ್ನು ಬಿಡುತ್ತವೆ. ಅದಕ್ಕೇ ಹುಲ್ಲುಗಾವಲಿಗೆ ಹೊಡೆಯುತ್ತಾರೆ. ಆ ಹುಲ್ಲು ದನದ ಹೊಟ್ಟೆ ಹಾದು ಸಗಣಿಯಾಗಿ, ಗೊಬ್ಬರವಾಗಿ ಕಳಿತ ಮೇಲೂ ಅವು ಪೂರ್ತಿ ಅಳಿದಿರುವುದಿಲ್ಲ. ಟೊಮೆಟೊ ಮತ್ತು ದ್ವಿದಳ ಗಿಡಗಳಿಗೆ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಉಳಿದಿದ್ದರೂ ತಾಗುತ್ತದೆ. 2008ರಲ್ಲಿ ಬ್ರಿಟನ್ನಿನ ಕೈತೋಟಗಳಲ್ಲಿ ಗೊಬ್ಬರ ಹಾಕಿದ ಮಡಿಗಳೇ ಹೀಗೆ ಮುದುಡಿ, ಅಲ್ಲಿ ಅಮಿನೊಪೈರಾಲಿಡ್ ಮಾರಾಟವನ್ನೇ ಕೆಲಕಾಲ ತಡೆಹಿಡಿಯಲಾಗಿತ್ತು.

ಖಚಿತಪಡಿಸಲು ಹುರುಳಿಕಾಯಿ ಬೀಜದ ಪರೀಕ್ಷೆ. ಮೂರನೇ ಮಡಿಯ ಮಣ್ಣು ತುಂಬಿದ ಮೂರು ಕುಂಡ, ಮೊದಲ ಮಡಿಯ ಮಣ್ಣಿನ ಮೂರು ಕುಂಡ. ಕುಂಡಕ್ಕೆ ಮೂರು ಬೀಜ. ಪ್ರತಿ ಕುಂಡದಡಿ ಬೇರೆ ತಟ್ಟೆ ಇಡಲೇಬೇಕು, ಒಂದರ ಬಸಿನೀರು ಇನ್ನೊಂದಕ್ಕೆ ಹೋದರೆ ಪರೀಕ್ಷೆ ಕೆಟ್ಟಿತು. ಮೊದಲ ಜೋಡಿ ಎಲೆ ನೋಡಿ ತೀರ್ಪು ಕೊಡಬಾರದು. ಅದು ಬೀಜದೊಳಗೇ ರೂಪುಗೊಂಡದ್ದು, ಚೆನ್ನಾಗಿಯೇ ಬರಬಹುದು. ನೋಡಬೇಕಾದದ್ದು ಆಮೇಲಿನ ಮೂರೆಲೆಯ ಗೊಂಚಲು. ಬೀಜ ಹಾಕಿದ 18ನೇ ದಿನಕ್ಕೆ ಮೂರನೇ ಮಡಿಯ ಕುಂಡಗಳಲ್ಲಿ ಆ ಗೊಂಚಲು ಬಟ್ಟಲಿನಂತೆ ಮಡಚಿತ್ತು. ಉಳಿದ ಮೂರರಲ್ಲಿ ಅಂಗೈಯಂತೆ ಹರಡಿತ್ತು.

ಎಂಟೂ ಗಿಡ ತೆಗೆದರು. ಎಷ್ಟು ಪ್ರಮಾಣ ಗಿಡದೊಳಗೆ ಹೋಗಿದೆಯೆಂದು ಮನೆಯಲ್ಲಿ ಅಳೆಯುವ ದಾರಿಯಿಲ್ಲದ ಕಾರಣ ಕಾಯಿಯನ್ನು ಅಡುಗೆಗೆ ಬಳಸಲಿಲ್ಲ. ಗಿಡವನ್ನು ಗೊಬ್ಬರಗುಂಡಿಗೂ ಹಾಕಲಿಲ್ಲ, ಹಾಕಿದರೆ ಅದೇ ವಿಷ ಮುಂದಿನ ಮಡಿಗೆ ತಿರುಗಿ ಬರುತ್ತದೆ. ಉಳಿದಿದ್ದ ಗೊಬ್ಬರದ ರಾಶಿಯನ್ನು ಬೇರೆ ಎಲ್ಲೂ ಹರಡದೆ ಬದಿಗಿಟ್ಟರು. ಈ ಕಳೆನಾಶಕವನ್ನು ಅಳಿಸುವುದು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ಗಾಳಿ, ತೇವ, ಬಿಸುಪು ಬೇಕು. ಆದ್ದರಿಂದ ಮಡಿಯನ್ನು ಎರಡು ವಾರಕ್ಕೊಮ್ಮೆ ಆಳವಾಗಿ ಕೆದಕಿ, ತೇವ ಆರದಂತೆ ನೋಡಿಕೊಂಡು, ಆಮೇಲೆ ಇಡೀ ಮಡಿಗೆ ಮೆಕ್ಕೆಜೋಳ ಬಿತ್ತಿದರು.

ಮುಂದಿನ ನಾಟಿ

ಮುಂದಿನ ಸಲದ ಸಸಿಗಳನ್ನು ಇಂಚಿಗೆ 50 ಕಣ್ಣಿನ ಬಲೆಯೊಳಗೆ ಬೆಳೆಸಿದರು. ಬಿಳಿನೊಣ ಅದಕ್ಕಿಂತ ದೊಡ್ಡ ಕಣ್ಣಿನಲ್ಲಿ ನುಸುಳುತ್ತದೆ. ಎರಡನೇ ಮಡಿಗೆ ಎಲೆ ಮುದುಡು ನಂಜನ್ನು ತಾಳಿಕೊಳ್ಳುವ ತಳಿ. ಇಂಥ ತಳಿಗಳಿಗೆ ಆ ಗುಣ ಬಂದಿರುವುದು ಕಾಡು ಟೊಮೆಟೊ ಜಾತಿಗಳಿಂದ. ಟಿವೈ-1 ಎಂಬ ವಂಶವಾಹಿ ಸೊಲಾನಮ್ ಚಿಲೆನ್ಸೆ ಎಂಬ ಕಾಡು ಜಾತಿಯದು. ತಾಳಿಕೊಳ್ಳುತ್ತದೆ ಎಂದರೆ ನಂಜು ಸೇರುವುದೇ ಇಲ್ಲ ಎಂದಲ್ಲ. ಲಕ್ಷಣ ತೋರದೆಯೂ ಒಳಗೆ ನಂಜು ಇರಬಹುದು, ಆದ್ದರಿಂದ ಅದರ ಪಕ್ಕಕ್ಕೆ ಸಾಮಾನ್ಯ ತಳಿ ನೆಡಲಿಲ್ಲ. ಸವರುವ ಕೆಲಸವನ್ನು ನಾಲ್ಕು ವಾರಕ್ಕೆ ಹಂಚಿದರು. ಹೊಸ ಗೊಬ್ಬರ ಬಂದರೆ ಮೂರು ವಾರ ಮೊದಲೇ ಕುಂಡದಲ್ಲಿ ಹುರುಳಿಕಾಯಿ ಬೀಜ ಹಾಕಿ ನೋಡುವುದು ರೂಢಿಯಾಯಿತು.

ಮೂರನೇ ಮಡಿಯ ಮೆಕ್ಕೆಜೋಳ ಕೊಯ್ದ ಮೇಲೆ ಅದರ ಮಣ್ಣಿಗೂ ಮತ್ತೆ ಪರೀಕ್ಷೆ ನಡೆಯಿತು. ಎರಡು ಕುಂಡದಲ್ಲಿ ಎಲೆ ಹರಡಿ ಬಂತು, ಒಂದರಲ್ಲಿ ಇನ್ನೂ ಅಂಚು ಮಡಚಿತ್ತು. ಆ ಮಡಿಗೆ ಇನ್ನೊಂದು ಬೆಳೆಯೂ ಮೆಕ್ಕೆಜೋಳವೇ ಬಿತ್ತು.